ದೆಹಲಿಯ ಮನೆಗಳೂ ಮನೆವಿಮೆಯ ಚರಿತ್ರೆಯೂ

ಊರಿನಿಂದ ನೆಂಟರಿಷ್ಟರು ಬಂದಾಗ ಅವರನ್ನು ಕುತುಬ್ ಮಿನಾರಿಗೆ ಕರೆದೊಯ್ಯುವುದು ದೆಹಲಿ ಕನ್ನಡಿಗರ ಪಾಲಿಗೆ ಬಂದ ಕರ್ತವ್ಯಗಳಲ್ಲೊಂದು. ಹೋದವರೆಲ್ಲರೂ ತಲೆಯೆತ್ತಿ ಮಿನಾರಿನ ತುದಿಯನ್ನು ನೋಡುತ್ತಾರೆ. ಹತ್ತಿರದ ಹುಲ್ಲುಹಾಸಿನ ಮೇಲೆ ಒಂಟಿಯಾಗಿ ನಿಂತಿರುವ ಕಲ್ಲಿನ ಚಿಕ್ಕ ಮಂಟಪವನ್ನು ನೋಡುವವರು ಕಡಮೆ. ಆ ಮಂಟಪಕ್ಕೂ ನಮ್ಮ ಈ ಲೇಖನದ ವಿಷಯಕ್ಕೂ ನಂಟಿರುವುದರಿಂದ ಅದರ ಕತೆಯಿಂದಲೇ ತೊಡಗುತ್ತೇವೆ.

ಮಿನಾರಿಗೆ 1368ರ ಸುಮಾರಿನಲ್ಲಿ ಸಿಡಿಲು ಬಡಿದಾಗ ಫಿರೋಜ್ ಷಾ ತುಘಲಕನು ಮೇಲಿನ ಅಂತಸ್ತುಗಳನ್ನು ಮತ್ತೆ ಕಟ್ಟಿಸಿದನು. 1503ರಲ್ಲಿ ಸಿಕಂದರ್ ಲೋದಿಯು ಪುನಃ ದುರಸ್ತಿ ಮಾಡಿಸಿದನು. ಅನಂತರ 1803ರ ಸೆಪ್ಟೆಂಬರ್ 1ರಂದು ಭೂಕಂಪವಾಯಿತು. ಅದರ ಕೇಂದ್ರವಿದ್ದುದು ದೆಹಲಿಯಲ್ಲಲ್ಲ, ದೂರದ ಗಢವಾಲದ ಬೆಟ್ಟಗಳಲ್ಲಿ. ಆದರೂ ಮಿನಾರಿನ ಶಿಖರಮಂಟಪ ಉರುಳಿಬಿತ್ತು. ಕಂಪೆನಿ ಸರ್ಕಾರದ ಇಂಜಿನಿಯರ್ ಮೇಜರ್ ರಾಬರ್ಟ್ ಸ್ಮಿತ್ ಎಂಬಾತ 1828ರಲ್ಲಿ ಮಿನಾರನ್ನು ಸರಿಪಡಿಸಿ ತನಗೆ ತೋಚಿದಂತೆ ಹೊಸ ಮಂಟಪವೊಂದನ್ನು ಮೇಲಿರಿಸಿದನು. ಅದು ಯಾರ ಕಣ್ಣಿಗೂ ಹಿಡಿಸಲಿಲ್ಲ. 1848ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು ಅದನ್ನು ಕೆಳಗಿಳಿಸಿದನು. ಹುಲ್ಲಿನ ಮೇಲೆ ನಿಂತಿರುವುದು ಅದೇ. ಮಿನಾರಿಗೆ ವಿಮೆ ಇರಲಿಲ್ಲ, ನಿಜ. ಆದರೆ ಒಂದೊಂದು ಸಾರಿಯೂ ಅದರ ಹಿಂದೆ ಯಾವುದಾದರೊಂದು ಬೊಕ್ಕಸವಿತ್ತು. ಮಯೂರ ವಿಹಾರದ ಮೂರನೆಯ ಮಹಡಿಯಲ್ಲೋ ಮುನೀರ್ಕಾದ ಓಣಿಯೊಳಗಿನ ಎರಡು ಕೋಣೆಗಳಲ್ಲೋ ಬಿಡಾರ ಹೂಡಿರುವ ನಮ್ಮ ಹಿಂದೆ ಯಾವ ಬೊಕ್ಕಸವಿದೆ ಎಂಬುದೇ ಈ ಲೇಖನದ ಪ್ರಶ್ನೆ.

ನಮ್ಮವರಲ್ಲಿ ಹಲವರು ಈ ಪ್ರಶ್ನೆಯನ್ನು ಕೇಳಿಕೊಳ್ಳದಿರುವುದಕ್ಕೆ ಕಾರಣವಿದೆ. ಮೊದಲ ತಲೆಮಾರಿನ ದೆಹಲಿ ಕನ್ನಡಿಗರಲ್ಲಿ ಅನೇಕರು ಕೇಂದ್ರ ಸರ್ಕಾರದ ನೌಕರರು. ಲೋದಿ ಕಾಲೊನಿ, ಸರೋಜಿನಿ ನಗರ, ರಾಮಕೃಷ್ಣಪುರಗಳ ಸರ್ಕಾರಿ ವಸತಿಗಳಲ್ಲಿ ಇದ್ದವರು. ಗೋಡೆ ಬಿರುಕುಬಿಟ್ಟರೆ ಸರ್ಕಾರದ ಲೋಕೋಪಯೋಗಿ ಇಲಾಖೆಗೊಂದು ಕಾಗದ ಬರೆದರೆ ತೀರಿತು. ನಿವೃತ್ತರಾದ ಮೇಲೆ ಬೆಂಗಳೂರಿಗೋ ಧಾರವಾಡಕ್ಕೋ ಮಂಗಳೂರಿಗೋ ಹೊರಟುಹೋಗುತ್ತಿದ್ದರು. ಮನೆ ಎಂಬುದು ಅವರ ಪಾಲಿಗೆ ಊರಿನಲ್ಲಿತ್ತು. ಇಲ್ಲಿದ್ದುದು ಕೇವಲ ಕ್ವಾರ್ಟರ್ಸು. ಅವರ ಮಕ್ಕಳ ಸ್ಥಿತಿ ಬೇರೆ. ದ್ವಾರಕಾ, ಪಟಪಡಗಂಜ್, ನೋಯ್ಡಾ, ಇಂದಿರಾಪುರಂ, ಗುರುಗ್ರಾಮಗಳಲ್ಲಿ ಇಪ್ಪತ್ತು ವರ್ಷದ ಸಾಲ ಮಾಡಿ ಫ್ಲಾಟು ಕೊಂಡಿದ್ದಾರೆ. ಇಲ್ಲವೆ ಬಾಡಿಗೆಗೆ ಇದ್ದಾರೆ. ಗೋಡೆಯ ಬಿರುಕು ಈಗ ಅವರದೇ ಆಸ್ತಿ. ಆದರೆ ಮನಸ್ಸು ಮಾತ್ರ ಇನ್ನೂ ಸರ್ಕಾರಿ ವಸತಿಯಲ್ಲೇ ಇದೆ ಎಂದರೆ ತಪ್ಪಾಗಲಾರದು.

ಈ ನಗರದ ನೆಲವೇ ಎಂಥದೆಂದು ಮೊದಲು ನೋಡೋಣ. 1720ರ ಜುಲೈಯಲ್ಲಿ ಇಲ್ಲಾದ ಭೂಕಂಪವನ್ನು ಮೊಗಲರ ಕಾಲದ ಇತಿಹಾಸಕಾರ ಖಾಫಿ ಖಾನನು ಬರೆದಿಟ್ಟಿದ್ದಾನೆ. ಅದು ಶುಕ್ರವಾರದ ಪ್ರಾರ್ಥನೆಯ ಹೊತ್ತು. ಕೋಟೆಗೋಡೆಗಳೂ ಅಸಂಖ್ಯ ಮನೆಗಳೂ ಬಿದ್ದುವು; ಫತೇಪುರಿ ಮಸೀದಿಯ ಮೇಲಂಚು ಹಾಳಾಯಿತು; ನಲವತ್ತು ದಿನಗಳವರೆಗೆ ನೆಲ ಆಗಾಗ ನಡುಗುತ್ತಲೇ ಇದ್ದು ಜನ ಸೂರಿನ ಕೆಳಗೆ ಮಲಗಲು ಹೆದರಿದರಂತೆ. ಇನ್ನು ನಮಗೆ ಹತ್ತಿರದ ಕಾಲಕ್ಕೆ ಬಂದರೆ, 1956ರ ಅಕ್ಟೋಬರ್ 10ರಂದು ದೆಹಲಿಗೆ ಪೂರ್ವದಲ್ಲಿರುವ ಬುಲಂದಶಹರ ಜಿಲ್ಲೆಯ ಖುರ್ಜಾದ ಬಳಿ ಭೂಮಿ ಕಂಪಿಸಿ ಜನ ಸತ್ತರು, ದೆಹಲಿಯಲ್ಲೂ ಪೆಟ್ಟಾಯಿತು. ಆ ತಿಂಗಳಿನಲ್ಲಿ ಇಲ್ಲಿಯ ಕನ್ನಡಿಗರು ಏಕೀಕರಣದ ಸಂಭ್ರಮಕ್ಕೆ ದಿನಗಳನ್ನು ಎಣಿಸುತ್ತಿದ್ದರಷ್ಟೆ. ನವೆಂಬರ್ 1ಕ್ಕೆ ಇನ್ನು ಮೂರೇ ವಾರವಿತ್ತು. 1960ರ ಆಗಸ್ಟ್ 27ರಂದು ದೆಹಲಿ ದಂಡುಪ್ರದೇಶಕ್ಕೂ ಗುಡಗಾಂವಿಗೂ ನಡುವೆಯೇ ಕೇಂದ್ರವಿದ್ದ ಇನ್ನೊಂದು ಕಂಪನವಾಗಿ ನಗರದಲ್ಲಿ ಸುಮಾರು 50 ಮಂದಿಗೆ ಗಾಯವಾಯಿತು. ಆಗ ಅಲ್ಲಿ ಇದ್ದುದು ಹೊಲಗದ್ದೆ. ಈಗ ಅದೇ ಸೀಮೆಯಲ್ಲಿ ಮೂವತ್ತು ಅಂತಸ್ತಿನ ಗೋಪುರಗಳೆದ್ದಿವೆ. ತೀರ ಈಚೆಗೆ, 2025ರ ಫೆಬ್ರುವರಿ 17ರ ನಸುಕಿನಲ್ಲಿ, ಧೌಲಾ ಕುವಾಁ ಬಳಿ ಕೇಂದ್ರವಿದ್ದ ಕಂಪನವೊಂದು ನಮ್ಮಲ್ಲಿ ಅನೇಕರನ್ನು ಹಾಸಿಗೆಯಿಂದ ಎಬ್ಬಿಸಿತು. ಅದರ ಪರಿಮಾಣ 4 ಮಾತ್ರ. ಆದರೆ ನಮ್ಮ ಸಂಘದ ಬಹು ಮಂದಿ ಸದಸ್ಯರ ಮನೆಗೆ ಅದು ಕೂಗಳತೆಯಲ್ಲೇ ಇತ್ತು.

2002ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ ಸಂಸ್ಥೆಯ ಭೂಕಂಪ ನಕ್ಷೆಯಲ್ಲಿ ದೆಹಲಿಯನ್ನು ನಾಲ್ಕನೆಯ ವಲಯದಲ್ಲಿ ಇರಿಸಿದರು, ಬೆಂಗಳೂರನ್ನು ಎರಡನೆಯದರಲ್ಲಿ. ಅಂಕೆ ಹೆಚ್ಚಿದಂತೆ ಅಪಾಯ ಹೆಚ್ಚು. ಹೆಬ್ಬಂಡೆಯ ದಖ್ಖಣದಿಂದ ಬಂದ ನಮಗೆ ನೆಲ ನಡುಗುವುದೆಂಬ ಕಲ್ಪನೆಯೇ ಸಹಜವಾದುದಲ್ಲ. ಹಾಗೆಂದು ದಖ್ಖಣವೂ ಅಚಲವಲ್ಲ: ಬೀದರ ಕಲಬುರ್ಗಿಗಳ ಗಡಿಯಾಚೆಗಿರುವ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಮುಂಜಾವಿನಲ್ಲಿ ಸುಮಾರು ಹತ್ತು ಸಾವಿರ ಜನ ತಮ್ಮ ಕಲ್ಲುಮಣ್ಣಿನ ಮನೆಗಳ ಅಡಿಯಲ್ಲೇ ಸತ್ತರು.

ದೆಹಲಿಯೊಳಗೂ ನೆಲವೆಲ್ಲ ಒಂದೇ ಸಮನಲ್ಲ. ಅರಾವಳಿಯ ಬಾಲವಾದ ದಿಬ್ಬ ಬೆಣಚುಕಲ್ಲಿನದು, ಗಟ್ಟಿ. ಯಮುನೆಯ ಎರಡು ದಡಗಳು, ಅದರಲ್ಲೂ ಪೂರ್ವದ ಯಮುನಾಪಾರ, ನದಿ ತಂದು ಸುರಿದ ಮೆಕ್ಕಲುಮಣ್ಣು. ಸಡಿಲಮಣ್ಣಿನ ಮೇಲೆ ಕಂಪನದ ಪೆಟ್ಟು ಹಿಗ್ಗುತ್ತದೆ. 1985ರಲ್ಲಿ ಮೆಕ್ಸಿಕೊ ನಗರವನ್ನು ಕೆಡವಿದ ಭೂಕಂಪದ ಕೇಂದ್ರ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಕಡಲತೀರದಲ್ಲಿತ್ತು. ನಗರವಾದರೋ ಹಳೆಯ ಕೆರೆಯಂಗಳದ ಮೇಲೆ ಕುಳಿತಿತ್ತು. 2001ರ ಗಣರಾಜ್ಯ ದಿನದಂದು ಕಚ್ಛದಲ್ಲಿ ನೆಲ ನಡುಗಿದಾಗ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದುದನ್ನು ಓದುಗರು ಮರೆತಿರಲಾರರು.

ಭೂಕಂಪ ತಲೆಮಾರಿಗೊಮ್ಮೆ ಬರುವ ಅತಿಥಿ. ಯಮುನೆ ಹಾಗಲ್ಲ.

ಷಾಹಜಹಾನನು 1648ರಲ್ಲಿ ಕೆಂಪುಕೋಟೆಯನ್ನು ಕಟ್ಟಿ ಮುಗಿಸಿದಾಗ ಯಮುನೆ ಕೋಟೆಯ ಗೋಡೆಯನ್ನು ತಾಗಿಯೇ ಹರಿಯುತ್ತಿದ್ದಳು. ಆಮೇಲೆ ಪೂರ್ವಕ್ಕೆ ಸರಿದಳು. ಅವಳು ಬಿಟ್ಟುಹೋದ ಹಾಸಿನ ಮೇಲೆ ವರ್ತುಲ ರಸ್ತೆಯೂ ಬಸ್ ನಿಲ್ದಾಣವೂ ಕ್ರೀಡಾಂಗಣವೂ ಬಂದುವು. ಆಚೆ ದಡದಲ್ಲಿ ದೊಡ್ಡ ಬಡಾವಣೆಗಳೇ ಬಂದುವು. ಹೆಣ್ಣು ತವರಿಗೆ ಬಂದಂತೆ ನದಿಯೂ ತನ್ನ ಹಳೆಯ ಮನೆಗೆ ಆಗಾಗ ಬಂದುಹೋಗುತ್ತಾಳೆ. 1924ರಲ್ಲಿ ಬಂದಳು. ಅದೇ ವರ್ಷದ ಜುಲೈಯಲ್ಲಿ ನಮ್ಮ ಕಾವೇರಿಯೂ ತೀರದ ಊರುಗಳನ್ನು ಮುಳುಗಿಸಿದ್ದಳೆಂಬುದನ್ನು ಹಳೆ ಮೈಸೂರಿನ ಹಿರಿಯರು ಬಹುಕಾಲ ಹೇಳುತ್ತಿದ್ದರು. 1955ರ ಪ್ರವಾಹವಾದ ಮೇಲೆ ನಜಫಗಢ ನಾಲೆಯ ಕೊಳಚೆ ವಜೀರಾಬಾದಿನಲ್ಲಿ ಕುಡಿಯುವ ನೀರನ್ನು ಸೆಳೆಯುವ ಸ್ಥಳಕ್ಕೆ ಹಿನ್ನುಗ್ಗಿ, ಆ ಚಳಿಗಾಲದಲ್ಲಿ ಸುಮಾರು 29,000 ಮಂದಿಗೆ ಕಾಮಾಲೆಯಾಯಿತು. ನೆರೆ ಎಂದರೆ ಗೋಡೆಗೆ ಮಾತ್ರವಲ್ಲ, ಹೊಟ್ಟೆಗೂ ಕೇಡು ಎಂಬುದಕ್ಕೆ ವೈದ್ಯಗ್ರಂಥಗಳಲ್ಲಿ ಇಂದಿಗೂ ಕೊಡುವ ದೃಷ್ಟಾಂತ ಅದು.

1978ರ ಸೆಪ್ಟೆಂಬರಿನ ನೆರೆಯನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಹಳೆಯ ರೈಲು ಸೇತುವೆಯ ಬಳಿ ನೀರಿನ ಮಟ್ಟ 207.49 ಮೀಟರಿಗೇರಿತು. ಉತ್ತರದ ಕಡೆ ಏರಿ ಒಡೆದು ಮಾಡೆಲ್ ಟೌನ್, ಮುಖರ್ಜಿ ನಗರಗಳಂಥ ಒಳ್ಳೊಳ್ಳೆಯ ಬಡಾವಣೆಗಳಲ್ಲೇ ಮನೆಯೊಳಗೆ ನೀರು ನಿಂತಿತು. ಜನ ದೋಣಿಯಲ್ಲಿ ಓಡಾಡಿದರು. ಆ ದಾಖಲೆ 45 ವರ್ಷ ನಿಂತಿತು. 2023ರ ಜುಲೈ 13ರಂದು ಮಟ್ಟ 208.66 ಮೀಟರಿಗೆ ಮುಟ್ಟಿ, ಕಾಶ್ಮೀರಿ ಗೇಟಿನ ಬಸ್ ನಿಲ್ದಾಣ, ಸಿವಿಲ್ ಲೈನ್ಸಿನ ಬಂಗಲೆಗಳು, ರಾಜಘಾಟ್ ಎಲ್ಲವೂ ನೀರಿನಲ್ಲಿದ್ದುವು. ಕೆಂಪುಕೋಟೆಯ ಹಿಂಗೋಡೆಯನ್ನು ನದಿ ಮತ್ತೆ ಮುಟ್ಟಿದುದನ್ನು ಚಿತ್ರಗಳಲ್ಲಿ ನೋಡಿದ ಚರಿತ್ರೆಯ ವಿದ್ಯಾರ್ಥಿಗಳಿಗೆ ಒಂದು ಬಗೆಯ ಸಂತೋಷವೂ ಆಗಿರಬೇಕು. ಎರಡೇ ವರ್ಷ ಕಳೆದು 2025ರ ಸೆಪ್ಟೆಂಬರಿನಲ್ಲಿ ಪುನಃ 207.48. ಅಪಾಯದ ಗುರುತು 205.33 ಮೀಟರಿನಲ್ಲಿದೆ ಎಂದರೆ ಉಳಿದುದನ್ನು ಓದುಗರೇ ಎಣಿಸಿಕೊಳ್ಳಬಹುದು.

ಬಾಡಿಗೆದಾರರ ಪಾಲಿಗೆ ಇವೆಲ್ಲಕ್ಕಿಂತ ಮುಖ್ಯವಾದ ಘಟನೆ ಬೇರೊಂದು. 2010ರಲ್ಲೂ ಯಮುನೆ ಉಕ್ಕಿದ್ದಳು. ಲಕ್ಷ್ಮೀನಗರದ ಲಲಿತಾ ಪಾರ್ಕಿನಲ್ಲಿ ಐದಂತಸ್ತಿನ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ನೀರು ನಿಂತಿತ್ತು. ನವೆಂಬರ್ 15ರ ರಾತ್ರಿ ಕಟ್ಟಡವು ಕುಸಿದು ಸುಮಾರು 70 ಮಂದಿ ಸತ್ತರು. ಅವರಲ್ಲಿ ಬಹುತೇಕರು ಬಂಗಾಳ ಬಿಹಾರಗಳಿಂದ ಹೊಟ್ಟೆಪಾಡಿಗೆ ಬಂದಿದ್ದ ಬಾಡಿಗೆಯ ಸಂಸಾರಗಳು. ಕಟ್ಟಡ ಒಡೆಯನದು, ಒಳಗಿದ್ದ ಜೀವ, ಪೆಟ್ಟಿಗೆ, ಪಾತ್ರೆ, ಮಕ್ಕಳ ಪುಸ್ತಕ ಬಾಡಿಗೆದಾರರದು. ಕಳಪೆ ಕಟ್ಟಡ ತಾನಾಗಿ ಕುಸಿದರೆ ವಿಮೆಯೂ ಕೈಹಿಡಿಯುವುದು ಅನುಮಾನವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮನೆ ಹಿಡಿಯುವ ಮುಂಚೆ ನೆಲಮಾಳಿಗೆಯನ್ನು ಒಮ್ಮೆ ಇಳಿದು ನೋಡುವುದಕ್ಕೆ ಯಾವ ಕಂಪೆನಿಯ ಪತ್ರವೂ ಬದಲಾಗದು.

ಈಗ ವಿಮೆಯ ಕತೆಗೆ ಬರೋಣ. ವಿಮೆ ಪಾಶ್ಚಾತ್ಯರಿಂದ ಬಂದ ವ್ಯಾಪಾರವೆಂದು ಹೇಳುವುದುಂಟು. ಪಾಲಿಸಿ ಎಂಬ ಕಾಗದ ಅಲ್ಲಿಂದ ಬಂದುದು ದಿಟ. ಆದರೆ ಅದರೊಳಗಿನ ಭಾವನೆ ನಮ್ಮ ಹಳ್ಳಿಗೆ ಹೊಸದಲ್ಲ. ಅದಕ್ಕೆ ನಮ್ಮಲ್ಲಿ ಮುಯ್ಯಿ ಎಂಬ ಒಳ್ಳೆಯ ಮಾತಿದೆ. ಇಂದು ನಿನ್ನ ಗದ್ದೆಗೆ ನಾನು ಆಳು, ನಾಳೆ ನನ್ನ ಗದ್ದೆಗೆ ನೀನು, ಅದು ಮುಯ್ಯಾಳು. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂಬುದನ್ನು ಒಬ್ಬ ಜಾಣ ಹುಡುಗನನ್ನು ಕೂರಿಸಿ ಪುಸ್ತಕದಲ್ಲಿ ಬರೆಯಿಸುತ್ತಿದ್ದರು. ಅವರ ಮನೆಯ ಮದುವೆಗೆ ಅಷ್ಟಾದರೂ ಹಿಂದಿರುಗಿಸಬೇಕು. ಹುಲ್ಲಿನ ಮನೆಗೆ ಬೆಂಕಿ ಬಿದ್ದರೆ ಊರವರು ಬಿದಿರು ಕಡಿದು, ಹುಲ್ಲು ಹೊತ್ತು, ಹಗ್ಗ ಹೊಸೆದು, ನಾಲ್ಕಾರು ದಿನಗಳಲ್ಲಿ ಸೂರು ಹೊದಿಸಿಕೊಡುತ್ತಿದ್ದರು. ಮನೆಯವರು ಮಾಡಬೇಕಾದುದು ಊಟಕ್ಕೆ ಇಕ್ಕುವುದು. ಇದು ಧರ್ಮವಲ್ಲ, ದಾನವಲ್ಲ, ಲೆಕ್ಕ, ಮನಸ್ಸಿನಲ್ಲಿಟ್ಟ ಲೆಕ್ಕ.

ಈ ಲೆಕ್ಕಕ್ಕೆ ಒಂದೇ ಕೊರತೆ. ಒಂದು ಮನೆ ಸುಟ್ಟರೆ ತೊಂಬತ್ತೊಂಬತ್ತು ಮನೆ ನೆರವಿಗೆ ಬರುತ್ತದೆ. ನೂರು ಮನೆಯೂ ಒಟ್ಟಿಗೆ ಕೊಚ್ಚಿಹೋದರೆ ಬರುವವರಾರು? 1923ರಲ್ಲಿ ನೇತ್ರಾವತಿ ಉಕ್ಕಿ ಬಂಟವಾಳ ಪಾಣೆಮಂಗಳೂರುಗಳನ್ನು ಮುಳುಗಿಸಿದಾಗ ಹೀಗೇ ಆಯಿತು. ತುಳುನಾಡಿನವರು ಅದನ್ನು ಮಾರಿ ಬೊಳ್ಳ ಎಂದು ಕರೆದರು. 1974ರಲ್ಲಿ ಮತ್ತೊಮ್ಮೆ ಆ ಮಾತು ಬಾಯಿಗೆ ಬಂತು. 2009ರ ಅಕ್ಟೋಬರಿನ ಮೊದಲಲ್ಲಿ ಉತ್ತರ ಕರ್ನಾಟಕದ ಹೊಳೆಗಳು ಉಕ್ಕಿದಾಗ ಊರಿಗೂರೇ ಕುಸಿಯಿತು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದಾಗ ಮನೆಯಷ್ಟೇ ಅಲ್ಲ, ಮನೆ ನಿಂತ ನೆಲ, ಕಾಫಿತೋಟ, ದಾರಿ ಎಲ್ಲವೂ ಕಣಿವೆಗೆ ಹೋದುವು. ನೆರೆಮನೆಯವನೂ ನಿರಾಶ್ರಿತನೇ ಆಗಿರುವಲ್ಲಿ ಮುಯ್ಯಿ ನಡೆಯಲಾರದು. ಅಂಥ ಕಾಲಕ್ಕೆ ಆಪತ್ತಿನ ಹೊರೆಯನ್ನು ಆ ಊರಿನ ಆಚೆಗೆ, ಆ ರಾಜ್ಯದ, ಕೊನೆಗೆ ಆ ದೇಶದ ಆಚೆಗೂ ಹಂಚುವ ಒಂದು ಏರ್ಪಾಡು ಬೇಕು. ಮನೆವಿಮೆ ಮಾಡುವ ಕೆಲಸ ಇಷ್ಟೆ. ಕಂಪೆನಿಗಳು ತಮ್ಮ ಹೊರೆಯಲ್ಲಿ ಒಂದು ಪಾಲನ್ನು ಪುನರ್ವಿಮೆಯೆಂಬ ಹೆಸರಿನಲ್ಲಿ ಮತ್ತೆ ಬೇರೆ ಕಂಪೆನಿಗಳ ಮೇಲೆ ಹೊರಿಸುತ್ತವೆ. ದೆಹಲಿಯ ನೆರೆಯ ನಷ್ಟದಲ್ಲಿ ಎಲ್ಲೋ ಯೂರೋಪಿನ ಒಂದು ಕಚೇರಿಯೂ ಪಾಲುಗೊಳ್ಳುವುದು ಹೀಗೆ.

ಇದು ಬರಿಯ ತರ್ಕವಲ್ಲ. 1906ರಲ್ಲಿ ಸಾನ್ ಫ್ರಾನ್ಸಿಸ್ಕೊ ಭೂಕಂಪ ಮತ್ತು ಬೆಂಕಿಯಿಂದ ನಾಶವಾದಾಗ ಕೆಲವು ಕಂಪೆನಿಗಳು ದಿವಾಳಿಯೆದ್ದುವು. ಬೇರೆ ಕೆಲವು, ಮನೆ ಬಿದ್ದುದು ಭೂಕಂಪದಿಂದ, ನಮ್ಮ ಪತ್ರದಲ್ಲಿರುವುದು ಬೆಂಕಿ ಮಾತ್ರ ಎಂದು ವಾದ ಹೂಡಿದುವು. ಲಂಡನ್ನಿನ ಲಾಯ್ಡ್ಸ್ ಸಂಸ್ಥೆಯ ಕತ್‌ಬರ್ಟ್ ಹೀತ್ ಎಂಬ ವಿಮೆಗಾರನು ಮಾತ್ರ ಕರಾರಿನ ಒಕ್ಕಣೆ ಹೇಗೇ ಇರಲಿ, ತನ್ನ ಪಾಲಿಸಿದಾರರಿಗೆ ಪೂರ್ತಿ ಹಣ ಕೊಟ್ಟುಬಿಡುವಂತೆ ತನ್ನ ಏಜೆಂಟನಿಗೆ ತಂತಿ ಕಳುಹಿಸಿದನು. ಎಲ್ಲ ವಿಮೆಗಾರರೂ ಹೀತ್ ಆಗಿರುವುದಿಲ್ಲವಾದ ಕಾರಣ ಕರಾರನ್ನು ಓದಿಕೊಳ್ಳುವುದು ಕ್ಷೇಮ.

ಮನೆಗೆ ವಿಮೆ ಎಂಬುದು ಹುಟ್ಟಿದುದೂ ಬೆಂಕಿಯಿಂದಲೇ. 1666ರ ಸೆಪ್ಟೆಂಬರಿನಲ್ಲಿ ಲಂಡನ್ ಸುಟ್ಟಿತು. 13,000ಕ್ಕೂ ಹೆಚ್ಚು ಮನೆಗಳು ಬೂದಿಯಾದುವು. ಆಗ ಅಲ್ಲಿ ಏನಾಯಿತೆಂಬುದನ್ನು ಬಾಡಿಗೆದಾರರು ಕಿವಿಗೊಟ್ಟು ಕೇಳಬೇಕು. ಹಲವು ಗೇಣಿಪತ್ರಗಳ ಪ್ರಕಾರ ಮನೆಯ ದುರಸ್ತಿ ಬಾಡಿಗೆದಾರನ ಹೊಣೆ. ಮನೆ ಉರಿದುಹೋದರೂ ಬಾಡಿಗೆ ನಿಲ್ಲದು. ಮೇಲಾಗಿ ಅವನೇ ಮನೆ ಕಟ್ಟಿಸಿಕೊಡಬೇಕು! ಸೂರೂ ಸಾಮಾನೂ ಕಳೆದುಕೊಂಡವನ ಮೇಲೆ ಒಡೆಯ ದಾವೆ ಹಾಕಬಹುದಾಗಿತ್ತು. ಈ ಅನ್ಯಾಯವನ್ನು ಬಿಡಿಸಲು ಪಾರ್ಲಿಮೆಂಟು ಬೆಂಕಿ ನ್ಯಾಯಾಲಯವೆಂಬ ಪ್ರತ್ಯೇಕ ನ್ಯಾಯಸ್ಥಾನವನ್ನೇ ಏರ್ಪಡಿಸಿತು. ಮ್ಯಾಥ್ಯೂ ಹೇಲ್ ಮೊದಲಾದ ನ್ಯಾಯಾಧೀಶರು ಒಂದೊಂದು ಮನೆಯ ಒಡೆಯ ಬಾಡಿಗೆದಾರರನ್ನು ಎದುರುಬದುರು ನಿಲ್ಲಿಸಿ, ಯಾರು ಎಷ್ಟು ಹೊರಬೇಕೆಂದು ತೀರ್ಮಾನಿಸಿದರು. ನಿಕೊಲಸ್ ಬಾರ್ಬನ್ ಎಂಬಾತ ಮನೆಗಳಿಗೆ ಬೆಂಕಿವಿಮೆಯ ಅಂಗಡಿ ತೆರೆದುದು ಇದಾದ ಮೇಲೆ, 1680ರ ದಶಕದ ಆರಂಭದಲ್ಲಿ.

ನಮ್ಮ ದೇಶದ ಕಾನೂನು ಬಾಡಿಗೆದಾರನ ಮಟ್ಟಿಗೆ ಲಂಡನ್ನಿನ ಗೇಣಿಪತ್ರಕ್ಕಿಂತ ದಯೆಯುಳ್ಳದ್ದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣದಂತೆ ಬೆಂಕಿ, ಬಿರುಗಾಳಿ, ಪ್ರವಾಹಗಳಿಂದ ಮನೆಯ ಮುಖ್ಯ ಭಾಗ ನಾಶವಾದರೆ ಬಾಡಿಗೆದಾರನು ತಾನು ಬಯಸಿದಲ್ಲಿ ಗೇಣಿಯನ್ನು ರದ್ದು ಮಾಡಿಕೊಳ್ಳಬಹುದು. ಕಾನೂನಿನ ದಯೆ ಅಲ್ಲಿಗೆ ನಿಂತಿತು. ಬಾಡಿಗೆ ತಪ್ಪುತ್ತದೆ, ನೀರಿನಲ್ಲಿ ನೆನೆದ ಹಾಸಿಗೆ, ಶೀತಪೆಟ್ಟಿಗೆ, ಗಣಕಯಂತ್ರ, ಅಕ್ಕಿಮೂಟೆ ಹಿಂದಿರುಗುವುದಿಲ್ಲ. ಮನೆಯ ಒಡೆಯ ವಿಮೆ ಮಾಡಿಸಿದ್ದರೆ ಅದು ಅವನ ಗೋಡೆಗೆ. ಅವನ ಪಾಲಿಸಿಯಲ್ಲಿ ನಮ್ಮ ಚಮಚಕ್ಕೂ ಸ್ಥಳವಿಲ್ಲ.

ಭಾರತದಲ್ಲಿ ಸಾಮಾನ್ಯ ವಿಮೆಗೆ ಮೊದಲ ಕಂಪೆನಿ 1850ರಲ್ಲಿ ಕಲ್ಕತ್ತೆಯಲ್ಲಿ ತಲೆಯೆತ್ತಿದ ಟ್ರೈಟನ್. ಅದು ಆಂಗ್ಲರದು. ಕನ್ನಡಿಗರಿಗೆ ಹೆಮ್ಮೆಯ ಅಧ್ಯಾಯ 1891ರಲ್ಲಿ ಬರುತ್ತದೆ. ಚಾಮರಾಜ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಸರ್ಕಾರವು ತನ್ನ ನೌಕರರ ಜೀವವಿಮೆಯನ್ನು ತಾನೇ ನಡೆಸಲು ಆರಂಭಿಸಿತು. ಈಗಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ವಂಶದ್ದು. ದೇಶ ಜೀವವಿಮೆಯನ್ನು ರಾಷ್ಟ್ರೀಕರಿಸಿ ಜೀವವಿಮಾ ನಿಗಮವನ್ನು ಸ್ಥಾಪಿಸಿದುದು 1956ರ ಸೆಪ್ಟೆಂಬರ್ 1ರಂದು, ಮೈಸೂರಿನ ಪ್ರಯೋಗ ಆರಂಭವಾಗಿ 65 ವರ್ಷಗಳಾದ ಮೇಲೆ. ಹೀಗೆ ಜೀವಕ್ಕೆ ವಿಮೆ ಎಂಬುದು ನಮ್ಮ ಸಂಬಳದಾರ ಮನೆತನಗಳಿಗೆ ಮುತ್ತಜ್ಜನ ಕಾಲದಿಂದ ಪರಿಚಿತ. ಮನೆಗೆ ವಿಮೆ ಎಂದೊಡನೆ ಅದೇ ಜನ ಹುಬ್ಬೇರಿಸುತ್ತಾರೆ. ಕಾರಣವನ್ನು ಹುಡುಕಿದರೆ ದೊರೆಯುವುದು ಇಷ್ಟೇ: ಜೀವವಿಮೆಯಲ್ಲಿ ಕೊನೆಗೆ ಹಣ ಹಿಂದಕ್ಕೆ ಬರುತ್ತದೆ, ಮನೆವಿಮೆಯಲ್ಲಿ ಏನೂ ಆಗದಿದ್ದರೆ ಕಂತು ಹೋದಂತೆಯೇ. ಬೀಗದ ಬೆಲೆ ಕಳ್ಳ ಬಾರದೆ ವ್ಯರ್ಥವಾಯಿತೆಂದು ಯಾರೂ ಅಳುವುದಿಲ್ಲ. ವಿಮೆಯ ವಿಷಯದಲ್ಲಿ ಮಾತ್ರ ಅಳುತ್ತೇವೆ.

ಸಾಮಾನ್ಯ ವಿಮೆಯ ರಾಷ್ಟ್ರೀಕರಣ 1973ರ ಜನವರಿ 1ರಿಂದ ಜಾರಿಗೆ ಬಂತು. ನೂರೇಳು ಕಂಪೆನಿಗಳನ್ನು ಒಟ್ಟುಗೂಡಿಸಿ ನಾಲ್ಕು ಮಾಡಿದರು. 1999ರ ಕಾಯಿದೆಯಿಂದ ನಿಯಂತ್ರಣ ಪ್ರಾಧಿಕಾರ ಬಂದು ಖಾಸಗಿಯವರಿಗೂ ಬಾಗಿಲು ತೆರೆಯಿತು. ಆದರೆ ನಮಗೆ ಬೇಕಾದ ಸಂಗತಿ ಈ ಆಡಳಿತದ ಚರಿತ್ರೆಗಿಂತ ಕರಾರಿನ ಚರಿತ್ರೆ. ಹಿಂದಿನ ಬೆಂಕಿವಿಮೆಯ ಪತ್ರದಲ್ಲಿ ಭೂಕಂಪ ಸೇರಿರುತ್ತಿರಲಿಲ್ಲ. ವಲಯಕ್ಕೆ ತಕ್ಕ ಹೆಚ್ಚಿನ ಕಂತು ತೆತ್ತು ಬೇರೆಯಾಗಿ ಸೇರಿಸಿಕೊಳ್ಳಬೇಕಾಗಿತ್ತು. ನೆರೆಯನ್ನು ಬಿಟ್ಟುಬಿಟ್ಟರೆ ಕಂತಿನಲ್ಲಿ ರಿಯಾಯಿತಿಯೂ ಇತ್ತು. ಇನ್ನೊಂದು ಮುಳ್ಳು ಸರಾಸರಿ ನಿಬಂಧನೆ. 20 ಲಕ್ಷ ಬೆಲೆಯ ಕಟ್ಟಡಕ್ಕೆ ಒಬ್ಬಾತ 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದು, ನೆರೆಯಲ್ಲಿ 4 ಲಕ್ಷ ನಷ್ಟವಾದರೆ ಅವನಿಗೆ ದೊರೆಯುತ್ತಿದ್ದುದು 4 ಲಕ್ಷವಲ್ಲ, 2 ಲಕ್ಷ; ಅರ್ಧ ವಿಮೆಗೆ ಅರ್ಧ ಪರಿಹಾರ. ನಷ್ಟವಾದ ದಿನ ಈ ಲೆಕ್ಕವನ್ನು ಕೇಳಿ ಎದೆ ಒಡೆದವರುಂಟು.

2021ರ ಏಪ್ರಿಲ್ 1ರಿಂದ ಪ್ರಾಧಿಕಾರವು ಭಾರತ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಸಾಮಾನ್ಯ ವಿಮಾ ಕಂಪೆನಿಗಳ ಮೂಲಕ ಜಾರಿಗೆ ತಂದಿತು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ ಎಲ್ಲವೂ ಅದರಲ್ಲಿ ಮೊದಲೇ ಸೇರಿವೆ. ಮೇಲೆ ಹೇಳಿದ ಸರಾಸರಿ ನಿಬಂಧನೆಯನ್ನು ಕೈಬಿಡಲಾಗಿದೆ. ನೆರೆಗೆ ಹೆದರಿ ಮನೆ ಬಿಟ್ಟು ಹೋದಾಗ ಕಳ್ಳ ನುಗ್ಗಿದರೆ, ಆಪತ್ತಾದ ಏಳು ದಿನಗಳೊಳಗಿನ ಕಳವಿಗೂ ರಕ್ಷಣೆ ಉಂಟು. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ಶೇಕಡಾ 20ರಷ್ಟು, 10 ಲಕ್ಷದ ಮಿತಿಯೊಳಗೆ, ಮನೆಸಾಮಾನಿಗೆ ತಾನಾಗಿ ಸೇರುತ್ತದೆ. ಬಾಡಿಗೆದಾರನು ಸಾಮಾನಿಗಷ್ಟೇ ಮಾಡಿಸಿಕೊಳ್ಳಬಹುದು. ಚಿನ್ನಾಭರಣಕ್ಕೆ ಬೇರೆ ಹೇಳಿ ಸೇರಿಸಿಕೊಳ್ಳಬೇಕು. ನಗದು ಹಣ ಸಾಮಾನಿನ ಲೆಕ್ಕಕ್ಕೆ ಬಾರದು, ಹಸ್ತಪ್ರತಿಗಳೂ ಬಾರವು. ಅಚ್ಚಾಗದ ಕಾದಂಬರಿಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡಿರುವ ನಮ್ಮ ಸಂಘದ ಸಾಹಿತಿ ಮಿತ್ರರು ಇದನ್ನು ಗಮನಿಸಬೇಕೆಂದು ಪ್ರಾರ್ಥನೆ.

ಎಷ್ಟಕ್ಕೆ ಮಾಡಿಸಬೇಕೆಂಬಲ್ಲಿ ಬಹುಜನಕ್ಕೆ ಗೊಂದಲ. ಫ್ಲಾಟಿನ ಬೆಲೆ ಒಂದೂವರೆ ಕೋಟಿಯಾದರೆ ವಿಮೆಯೂ ಒಂದೂವರೆ ಕೋಟಿಗೆ ಬೇಕೆಂದು ಎಣಿಸಿ ಕಂತಿಗೆ ಹೆದರುತ್ತಾರೆ. ವಿಮೆ ಮಾಡಿಸುವುದು ಮಾರುಕಟ್ಟೆಯ ಬೆಲೆಗಲ್ಲ, ಮತ್ತೆ ಕಟ್ಟಲು ತಗಲುವ ಖರ್ಚಿಗೆ. ಲೆಕ್ಕಕ್ಕಾಗಿ ಚದರಡಿಗೆ 2,500 ರೂಪಾಯಿ ಎಂದು ಹಿಡಿದರೆ 1,000 ಚದರಡಿಯ ಮನೆಗೆ 25 ಲಕ್ಷ ಸಾಕು. ಅದರೊಂದಿಗೆ 5 ಲಕ್ಷದ ಸಾಮಾನು ತಾನಾಗಿ ಒಳಗೆ ಬಂತು. ದೆಹಲಿಯಲ್ಲಿ ಬೆಲೆಯ ದೊಡ್ಡ ಪಾಲು ನೆಲದ್ದು, ನೆಲವನ್ನು ಯಮುನೆ ಒಯ್ಯಲಾರಳು. ಕೊಡಗಿನ ಕತೆ ಬೇರೆ. ಅಲ್ಲಿ ಹೋದ ನೆಲಕ್ಕೆ ಯಾವ ಮನೆವಿಮೆಯೂ ಬೆಲೆ ಕೊಡಲಾರದು.

ಬ್ಯಾಂಕಿನ ಗುಮಾಸ್ತರಾಗಿ ನಾವು ದಿನವೂ ಕಾಣುವ ಒಂದು ತಪ್ಪುತಿಳಿವಳಿಕೆಯನ್ನು ಇಲ್ಲಿ ಬಿಡಿಸಿ ಹೇಳುವುದು ಅಗತ್ಯ. ಮನೆಸಾಲದೊಂದಿಗೆ ಸಹಿ ಹಾಕುವ ಕಾಗದಗಳಲ್ಲಿ ಎರಡು ಬಗೆಯ ವಿಮೆಯ ಪತ್ರಗಳು ಇರಬಹುದು. ಒಂದು ಸಾಲಗಾರನ ಜೀವದ ಮೇಲೆ: ಆತ ತೀರಿಕೊಂಡರೆ ಸಾಲ ತೀರುತ್ತದೆ. ಇನ್ನೊಂದು ಕಟ್ಟಡದ ಮೇಲೆ. ಮೊದಲನೆಯದನ್ನು ಮಾಡಿಸಿ ಎರಡನೆಯದೂ ಆಯಿತೆಂದು ನೆಮ್ಮದಿಯಾಗಿರುವವರು ಬಹಳ. ಕಟ್ಟಡ ಬಿದ್ದು ಸಾಲಗಾರ ಬದುಕುಳಿದರೆ ಮೊದಲನೆಯ ಪತ್ರ ಮಾತಾಡುವುದಿಲ್ಲ, ಸಾಲದ ಕಂತು ಮಾತ್ರ ತಿಂಗಳ ತಾರೀಕಿಗೆ ಸರಿಯಾಗಿ ಬರುತ್ತದೆ. ಇಲ್ಲದ ಮನೆಗೆ ಕಂತು, ಇರುವ ಬಿಡಾರಕ್ಕೆ ಬಾಡಿಗೆ! ಕಟ್ಟಡದ ವಿಮೆ ಇದ್ದರೂ ಅದರ ಹಣ ಮೊದಲು ಬ್ಯಾಂಕಿಗೆ ಸಲ್ಲುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಸಾಲದ ಮೊತ್ತಕ್ಕಷ್ಟೇ ಮಾಡಿಸಿದ್ದರೆ ಒಡೆಯನಿಗೆ ಉಳಿಯುವುದು ಅಷ್ಟಕ್ಕಷ್ಟೆ. ಸಾಲ ತೀರಿದ ಮೇಲೆ ಆ ವಿಮೆಯನ್ನು ಮುಂದುವರಿಸುವವರನ್ನು ನಾವು ಕಂಡುದು ಅಪರೂಪ. ಸಹಕಾರಿ ವಸತಿಸಂಘಗಳ ಫ್ಲಾಟುಗಳಲ್ಲಿ ಇರುವವರು ಸಂಘವು ಇಡೀ ಕಟ್ಟಡಕ್ಕೆ ಒಟ್ಟಾಗಿ ವಿಮೆ ಮಾಡಿಸಿದೆಯೇ ಎಂದು ಕಾರ್ಯದರ್ಶಿಗಳನ್ನು ಕೇಳಬೇಕು. ಉತ್ತರ ಬರದಿದ್ದರೆ ವಾರ್ಷಿಕ ಸಭೆಯಲ್ಲಿ ಕೇಳಬೇಕು.

ಸರ್ಕಾರ ಕೊಡುವುದಿಲ್ಲವೇ ಎಂದು ಯಾರಾದರೂ ಕೇಳಿಯಾರು. ಕೊಡುತ್ತದೆ. 2023ರ ನೆರೆಯಲ್ಲಿ ದೆಹಲಿ ಸರ್ಕಾರ ಸಂತ್ರಸ್ತ ಕುಟುಂಬಕ್ಕೆ 10,000 ರೂಪಾಯಿ ಘೋಷಿಸಿತು. 2022ರಿಂದ 2026ರವರೆಗಿನ ವಿಪತ್ತು ಪರಿಹಾರ ನಿಯಮಗಳಲ್ಲಿ ಬಯಲುಸೀಮೆಯ ಮನೆ ಪೂರ್ತಿ ನಾಶವಾದರೆ 1,20,000 ರೂಪಾಯಿ ಎಂದು ಗೊತ್ತುಮಾಡಿದರು. ಗುಡಿಸಲಿನ ಸಂಸಾರಕ್ಕೆ ಅದು ದೊಡ್ಡ ಆಸರೆ, ಅಲ್ಲಗಳೆಯುವಂತಿಲ್ಲ. ಸಾಲದ ಫ್ಲಾಟಿನವನಿಗೆ ಅದು ಎರಡು ಮೂರು ತಿಂಗಳ ಕಂತು.

ವಿಮೆ ಮಾಡಿಸಿದವರಿಗೆ ಕೊನೆಯದಾಗಿ ಒಂದೆರಡು ವಿವರ. ಪಾಲಿಸಿಯನ್ನು ಮಂಚದ ಕೆಳಗಿನ ಪೆಟ್ಟಿಗೆಯಲ್ಲಿಟ್ಟರೆ ಮೊದಲು ನೆನೆಯುವುದು ಅದೇ. ಒಂದು ಪ್ರತಿ ಊರಿನ ಅಣ್ಣನ ಮನೆಯಲ್ಲೋ ಮೊಬೈಲಿನಲ್ಲೋ ಇರಲಿ. ಸಾಮಾನಿನ ಪಟ್ಟಿಯನ್ನು ಬೆಲೆಯ ರಸೀತಿಗಳೊಂದಿಗೆ ಇಟ್ಟುಕೊಳ್ಳಬೇಕು. ನಮ್ಮ ಹೆಂಗಸರಿಗೆ ಸ್ಟೀಲು ಪಾತ್ರೆಯ ಲೆಕ್ಕ ಬಾಯಿಪಾಠವಿರುವುದರಿಂದ ಈ ಕೆಲಸವನ್ನು ಅವರಿಗೆ ಬಿಡುವುದೇ ಲೇಸು. ನೆರೆ ಇಳಿದ ಮೇಲೆ ಕೂಡಲೇ ಕಂಪೆನಿಗೆ ತಿಳಿಸಬೇಕು. ನಷ್ಟ ದೊಡ್ಡದಾದರೆ ಅದನ್ನು ಅಳೆಯಲು ಸರ್ವೇಯರು ಬರುತ್ತಾರೆ. ವಾಸನೆ ಹೊಡೆಯುವ ಹಾಸಿಗೆಯನ್ನೂ ಉಬ್ಬಿದ ಬೀರುವನ್ನೂ ಅವರು ಬಂದು ನೋಡುವವರೆಗೆ ಬೀದಿಗೆಸೆಯದೆ, ಎಸೆಯಲೇಬೇಕಾಗಿ ಬಂದರೆ ಚಿತ್ರ ತೆಗೆದು, ಗೋಡೆಯ ಮೇಲೆ ನೀರು ನಿಂತ ಗೆರೆಗೆ ಸುಣ್ಣ ಬಳಿಯುವುದನ್ನು ಕೆಲವು ದಿನ ಮುಂದಕ್ಕೆ ಹಾಕಬೇಕು.